ಬೇಧಿ ನಿಂತ ಮೇಲೂ ಮೇವು ಮುಟ್ಟದ ಕರುವಿಗೆ ಹಸಿವು ಮರಳಿಸುವುದು ಹೇಗೆ?

ನಿಮ್ಮ ಮೂರು ತಿಂಗಳ ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹೆಣ್ಣುಕರುವಿಗೆ ಬೇಧಿಯಾಗಿ ನಿಂತಿದೆ, ಆದರೂ ಅದು ಹಿಂಡಿ, ಹುಲ್ಲು ಎರಡನ್ನೂ ಮೂಸಿ ಬಿಡುತ್ತಿದೆ, ಪಕ್ಕೆಲುಬು ಎಣಿಸುವಷ್ಟು ಬಡಕಲಾಗಿದೆ, ಯಾವ ಟಾನಿಕ್ ಕೊಡಲಿ ಎಂದು ಕೇಳಿದ್ದೀರಿ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿರುವ ನನಗೆ ಈ ಪ್ರಶ್ನೆ ಮಳೆಗಾಲದುದ್ದಕ್ಕೂ ಎದುರಾಗುತ್ತದೆ. ಟಾನಿಕ್ಕಿನ ಮಾತು ಕೊನೆಗಿರಲಿ. ಹಸಿವನ್ನು ಕಿತ್ತುಕೊಂಡ ಕಾರಣ ಕರುವಿನ ಕರುಳಿನಲ್ಲೋ ರಕ್ತದಲ್ಲೋ ಇನ್ನೂ ಉಳಿದಿದ್ದರೆ ಯಾವ ಬಾಟಲಿಯೂ ಅದನ್ನು ಮರಳಿಸಲಾರದು.

ಮೊದಲು ಜ್ವರ ನೋಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ 101.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ತಂಪು ಹೊತ್ತಿನಲ್ಲೂ 103 ದಾಟುತ್ತಿದ್ದರೆ ಸೋಂಕು ಹೋಗಿಲ್ಲವೆಂದು ತಿಳಿಯಿರಿ. ಆಮೇಲೆ ಕಣ್ಣಿನ ಕೆಳರೆಪ್ಪೆಯನ್ನು ಬಿಡಿಸಿ ನೋಡಿ. ಅದು ಗುಲಾಬಿ ಬಣ್ಣದಲ್ಲಿರದೆ ಬಿಳಿಚಿಕೊಂಡಿದ್ದು, ಭುಜದ ಮುಂದಿನ ಗ್ರಂಥಿ ಊದಿಕೊಂಡಿದ್ದು, ಮೈಮೇಲೆ ಉಣ್ಣೆಗಳಿದ್ದರೆ ಥೈಲೇರಿಯಾ ಎಂಬ ಉಣ್ಣೆಜ್ವರದ ಸಂಶಯ ಬಲವಾಗುತ್ತದೆ. ಮಿಶ್ರತಳಿ ಕರುಗಳನ್ನು ಇದು ಬಹಳ ಕಾಡುತ್ತದೆ. ರಕ್ತ ಪರೀಕ್ಷೆಯಿಂದ ಖಚಿತಪಡಿಸಿಕೊಂಡು ಬುಪಾರ್ವಕ್ವೋನ್ ಚುಚ್ಚುಮದ್ದು ಕೊಡಿಸಬೇಕಾಗುತ್ತದೆ. ಬಾಯಿಯ ಒಳಗೂ ಒಮ್ಮೆ ನೋಡಿ, ಏಕೆಂದರೆ ಕಾಲುಬಾಯಿ ರೋಗದಲ್ಲೂ ಚರ್ಮಗಂಟು ರೋಗದಲ್ಲೂ ನಾಲಿಗೆ, ಒಸಡುಗಳು ಹುಣ್ಣಾಗಿ, ಹಸಿವಿದ್ದರೂ ಕರು ಮೇಯಲಾರದೆ ನಿಲ್ಲುತ್ತದೆ.

ನಿಮ್ಮ ಕರುವಿನ ವಿಷಯದಲ್ಲಿ ನನಗೆ ಹೆಚ್ಚಿನ ಅನುಮಾನವಿರುವುದು ಸಗಣಿಯ ಮೇಲೆ. ಜೇಡಿಮಣ್ಣಿನ ಬಣ್ಣದ, ಕೆಟ್ಟ ವಾಸನೆಯ ಸಗಣಿ ಹಾಕುತ್ತಿದ್ದರೆ ದುಂಡುಹುಳುವಿನ ಬಾಧೆ ಇರಬಹುದು. ತಾಯಿಯ ಹಾಲಿನ ಮೂಲಕವೇ ಕರುವಿನ ಹೊಟ್ಟೆ ಸೇರುವ ಹುಳುವಿದು. ಸಗಣಿಯಲ್ಲಿ ರಕ್ತ ಅಥವಾ ಲೋಳೆ ಕಂಡಿದ್ದರೆ, ಕರು ತಿಣುಕುತ್ತಾ ಬಾಲವೆತ್ತಿ ನಿಲ್ಲುತ್ತಿದ್ದರೆ ಅದು ಕಾಕ್ಸಿಡಿಯಾ ಆಗಿರುವ ಸಾಧ್ಯತೆ ಹೆಚ್ಚು. ಕಾಕ್ಸಿಡಿಯಾ ಹುಳುವಲ್ಲ, ಕರುಳಿನ ಒಳಪದರವನ್ನು ಹಾಳುಮಾಡುವ ಏಕಕೋಶ ಜೀವಿ. ಅಂಗಡಿಯಲ್ಲಿ ಸಿಗುವ ಜಂತುಹುಳುವಿನ ಔಷಧವನ್ನು ಎಷ್ಟು ಸಲ ಕುಡಿಸಿದರೂ ಅದು ಹೋಗುವುದಿಲ್ಲ, ಅದಕ್ಕೆ ಆಂಪ್ರೋಲಿಯಂ ಅಥವಾ ಸಲ್ಫಾ ಔಷಧಗಳು ಬೇಕು. ಆದುದರಿಂದ ಬೆಳಗಿನ ತಾಜಾ ಸಗಣಿಯನ್ನು ಚಿಕ್ಕ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿದ ಮೇಲೆಯೇ ಔಷಧ ಕೊಡಿ.

ಔಷಧದ ಪ್ರಮಾಣಕ್ಕೂ ಹಾಲಿನ ಲೆಕ್ಕಕ್ಕೂ ತೂಕ ಗೊತ್ತಿರಬೇಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಇಂಚುಗಳಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು ಕಿಲೋ ತೂಕ ಸಿಗುತ್ತದೆ. ಸುತ್ತಳತೆ 30, ಉದ್ದ 28 ಇಂಚು ಇದ್ದರೆ ತೂಕ 38 ಕಿಲೋ. ಈ ವಯಸ್ಸಿನ ಮಿಶ್ರತಳಿ ಕರು 60 ಕಿಲೋ ಮೀರಿರಬೇಕಾದ್ದರಿಂದ, ಅಷ್ಟು ಹಿಂದುಳಿದಿದ್ದರೆ ಅದನ್ನು ಮೂರು ತಿಂಗಳ ಕರುವೆಂದು ಎಣಿಸದೆ, ಒಂದು ತಿಂಗಳ ಕರುವನ್ನು ನೋಡಿಕೊಳ್ಳುವಂತೆಯೇ ನೋಡಿಕೊಳ್ಳಬೇಕು.

ಹಾಗೆಂದರೆ ಹಾಲನ್ನು ಮತ್ತೆ ಕೊಡಬೇಕು. ಡೇರಿಗೆ ಹಾಕುವ ಹಾಲಿನಲ್ಲಿ ಮೂರ್ನಾಲ್ಕು ಲೀಟರ್ ಉಳಿಸುವುದು ಕಷ್ಟವೆಂದು ನನಗೆ ಗೊತ್ತು, ಆದರೆ ಮುಂದೆ ನಿಮ್ಮ ಕೊಟ್ಟಿಗೆಯ ಹಸುವಾಗಬೇಕಾದದ್ದು ಇದೇ ಕರು. ದಿನಕ್ಕೆ ದೇಹತೂಕದ ಹತ್ತನೇ ಒಂದು ಭಾಗದಷ್ಟು ಹಾಲು ಗುರಿಯಾಗಿರಲಿ. ಮೊದಲ ದಿನ ಅರ್ಧರ್ಧ ಲೀಟರಿನಿಂದ ಆರಂಭಿಸಿ ಕ್ರಮೇಣ ಏರಿಸುತ್ತಾ, ದಿನಕ್ಕೆ ಮೂರು-ನಾಲ್ಕು ಸಲ ಹಂಚಿ, ಕರೆದ ಬಿಸಿಯಲ್ಲೇ, ನೀರು ಬೆರೆಸದೆ ಕೊಡಿ. ಮತ್ತೆ ಬೇಧಿಯಾದರೆ ಕರುಗಳ ಓಆರ್‌ಎಸ್ ಕೊಡಬಹುದು, ಆದರೆ ಅದನ್ನು ಹಾಲಿನೊಂದಿಗೆ ಬೆರೆಸದೆ ಎರಡು ಗಂಟೆಯ ಅಂತರದಲ್ಲಿ ಕೊಡಬೇಕು.

ಗೊಟ್ಟದಲ್ಲಿ ಗಂಜಿ ಕುಡಿಸುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಕರು ಚೀಪಿ ಕುಡಿದಾಗ ಅನ್ನನಾಳದ ತುದಿಯ ಒಂದು ಕಾಲುವೆ ಮುಚ್ಚಿಕೊಂಡು ಹಾಲು ನೇರವಾಗಿ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ತಲೆಯೆತ್ತಿ, ನಾಲಿಗೆ ಎಳೆದು ಸುರಿದಾಗ ಆ ಕಾಲುವೆ ಸರಿಯಾಗಿ ಮುಚ್ಚದೆ, ಸುರಿದದ್ದು ಮೊದಲ ಹೊಟ್ಟೆಗೆ ಬಿದ್ದು ಹುಳಿಯುತ್ತದೆ. ಇರುವ ಹಸಿವೂ ಸಾಯುತ್ತದೆ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರಂತೂ ನ್ಯುಮೋನಿಯಾ ಆಗುತ್ತದೆ. ಪ್ರೀತಿಯಿಂದಲೇ ಹೀಗೆ ಕುಡಿಸಿ ಕರು ಕಳೆದುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ. ಮೊಲೆ ಚೀಪಲು ಬಿಡಿ, ಇಲ್ಲವೇ ರಬ್ಬರ್ ಮೊಲೆಯ ಬಾಟಲಿಯನ್ನು ಕೆಚ್ಚಲಿನ ಎತ್ತರಕ್ಕೆ ಹಿಡಿಯಿರಿ.

ಇನ್ನು ಹಿಂಡಿಯ ರುಚಿ ಹತ್ತಿಸುವ ಕೆಲಸ. ಹಾಲು ಮುಗಿದ ಕೂಡಲೇ ಕರು ಇನ್ನೂ ಕೈ ನೆಕ್ಕುತ್ತಿರುತ್ತದೆ. ಆ ಗಳಿಗೆಯನ್ನು ಬಿಡಬೇಡಿ. ಒಂದು ಚಿಟಿಕೆ ಕರುಹಿಂಡಿಯನ್ನು ಬೆರಳಿಗೆ ಹಚ್ಚಿ ನಾಲಿಗೆಯ ಮೇಲಿಡಿ, ಇನ್ನೊಂದು ಹಿಡಿಯನ್ನು ಅಗಲವಾದ ಪಾತ್ರೆಯಲ್ಲಿ ಮುಂದಿಡಿ. ಮನೆಯಲ್ಲೇ ಮಾಡುವುದಾದರೆ ನೂರು ಪಾಲಿನಲ್ಲಿ ರವೆಯ ಹದಕ್ಕೆ ಒಡೆದ ಮೆಕ್ಕೆಜೋಳ 50, ಕಡಲೆಕಾಯಿ ಹಿಂಡಿ 32, ಗೋಧಿ ಬೂಸಾ 15, ಖನಿಜ ಮಿಶ್ರಣ 2, ಉಪ್ಪು 1 ಪಾಲಿರಲಿ. ಆರಂಭದ ದಿನಗಳಲ್ಲಿ ಮೇಲೆ ಚೂರು ಬೆಲ್ಲದ ಪುಡಿ ಉದುರಿಸಬಹುದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಯಕೃತ್ತಿಗೆ ವಿಷವಾಗುವುದರಿಂದ ಅದನ್ನು ಯಾವ ದನಕ್ಕೂ ಹಾಕಬಾರದು. ಪ್ರತಿದಿನ ಹಳೆಯದನ್ನು ತೆಗೆದು ಹೊಸದನ್ನು ಇಡಿ, ಏಕೆಂದರೆ ಜೊಲ್ಲು ತಾಗಿ ಹುಳಿತ ಹಿಂಡಿಯನ್ನು ಕಾಯಿಲೆಯ ಕರು ಮುಟ್ಟುವುದಿಲ್ಲ.

ಪಕ್ಕದಲ್ಲೇ ಶುದ್ಧ ನೀರು ಸದಾ ಇರಬೇಕು. ಹಾಲು ಕುಡಿಯುತ್ತದಲ್ಲ, ನೀರೇಕೆ ಎಂದು ಹಲವರು ಕೇಳುತ್ತಾರೆ. ಹಾಲು ಮೊದಲ ಹೊಟ್ಟೆಗೆ ಹೋಗದ ಕಾರಣ, ಅಲ್ಲಿ ಹಿಂಡಿಯನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಬೆಳೆಯಲು ಕುಡಿಯುವ ನೀರೇ ಆಧಾರ. ಬೇಧಿಯಲ್ಲಿ ಆ ಜೀವಿಗಳ ನೆಲೆ ಹಾಳಾಗಿರುತ್ತದೆ. ಆರೋಗ್ಯವಂತ ಹಸುವಿನ ಬಾಯಿಂದ ಮೆಲುಕಿನ ಮೇವನ್ನು ತೆಗೆದು ಕರುವಿನ ಬಾಯಿಗಿಡುವ ಹಿರಿಯರ ಪದ್ಧತಿಯಲ್ಲಿ ಹುರುಳಿದೆ, ನಾನೂ ಅದನ್ನು ಹೇಳುತ್ತೇನೆ. ರೋಗವಿಲ್ಲದ ನಿಮ್ಮದೇ ಹಸುವಿನಿಂದ ಮಾತ್ರ ತೆಗೆಯಿರಿ. ಎಳೆಯ ಕುದುರೆಮೆಂತ್ಯ, ಅಗಸೆ ಸೊಪ್ಪನ್ನು ಸ್ವಲ್ಪ ಬಾಡಿಸಿ ಕಟ್ಟಿ ತೂಗುಹಾಕಿ. ಯೂರಿಯಾ ಉಪಚರಿಸಿದ ಹುಲ್ಲು ಬೇಡ.

ಬಡಕಲು ಕರು ತಿಂದದ್ದೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಖರ್ಚಾಗದಂತೆ, ಒಣಹುಲ್ಲಿನ ಹಾಸಿಗೆ ಮಾಡಿ, ರಾತ್ರಿ ಬೆನ್ನಿಗೆ ಗೋಣಿಚೀಲ ಕಟ್ಟಿ. ಅಂಟುರೋಗವಿಲ್ಲವೆಂದು ಖಚಿತವಾದ ಮೇಲೆ ಹಿಂಡಿ ತಿನ್ನುವ ಇನ್ನೊಂದು ಕರುವಿನ ಜೊತೆ ಬಿಡಿ. ಒಂದನ್ನು ನೋಡಿ ಇನ್ನೊಂದು ತಿನ್ನಲು ಕಲಿಯುತ್ತದೆ.

ಹಾಲನ್ನೂ ಬಿಟ್ಟರೆ, ಕಿವಿ-ಬಾಯಿ ತಣ್ಣಗಾದರೆ, ಮೇಲೇಳಲಾಗದಿದ್ದರೆ ಅಥವಾ ಗಂಜಲ ಕಾಫಿ ಬಣ್ಣಕ್ಕೆ ತಿರುಗಿದರೆ ಬೆಳಗಾಗುವವರೆಗೆ ಕಾಯದೆ ನಿಮ್ಮ ವೈದ್ಯರಿಗೆ ಕರೆ ಮಾಡಿ. ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ 1962. ಬಿ-ಕಾಂಪ್ಲೆಕ್ಸ್ ಚುಚ್ಚುಮದ್ದು ಬೇಕೇ ಎಂಬುದನ್ನೂ ಅವರೇ ನಿರ್ಧರಿಸಲಿ. ಎಲ್ಲವೂ ಸರಿಹೋದರೆ ಮೊದಲು ಮೆಲುಕು ಮರಳುತ್ತದೆ, ತೂಕ ಏರುವುದು ಆಮೇಲೆ. ಹದಿನೈದು ದಿನಕ್ಕೊಮ್ಮೆ ಟೇಪು ಹಿಡಿಯಿರಿ. ಕರು ದಿನಕ್ಕೆ ಒಂದು ಕಿಲೋ ಹಿಂಡಿಯನ್ನು ಸತತ ಮೂರು ದಿನ ತಾನಾಗಿಯೇ ತಿಂದ ನಂತರವಷ್ಟೇ, ವಾರವಿಡೀ ಹಂತಹಂತವಾಗಿ ಹಾಲು ಬಿಡಿಸಿ.