ಮೊದಲ ಆಟಕ್ಕೇ ಹಾರ್ಡ್‌ಕೋರ್ ಹಾಕಿ ರಿಬ್ಬನ್ ಕೂಡಿಡುವ ತಮ್ಮನಿಗೆ

ಪುಣೆಯ ಹಿಂಜವಡಿ ಪಿಜಿಯ ತಮ್ಮಾ, ನೀನು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ಜಾಂಬಿ ಆಟ ರೆಸಿಡೆಂಟ್ ಈವಿಲ್ 2ರ 2019ರ ರಿಮೇಕ್, ಮೊದಲ ಸಲಕ್ಕೇ ಹಾರ್ಡ್‌ಕೋರ್, ಅಂದ್ರೆ ಅತಿ ಕಷ್ಟದ ಮಟ್ಟ. ಅಲ್ಲಿ ಆಟೋಸೇವ್ ಇಲ್ಲ, ಟೈಪ್‌ರೈಟರಿನಲ್ಲಿ ಸೇವ್ ಮಾಡೋಕೆ ಪ್ರತಿಸಲ ಒಂದು ಇಂಕ್ ರಿಬ್ಬನ್ ಖರ್ಚು. ಆಟದ ಸಾಮಾನು ಬಾಕ್ಸಿನಲ್ಲಿ 4 ಇಂಕ್ ರಿಬ್ಬನ್ ಹಾಗೇ ಬಿದ್ದಿವೆ, ಪಿಸ್ತೂಲಿನಲ್ಲಿ 3 ಗುಂಡು, ಕೊನೆಯ ಸೇವ್ ಆಗಿ ಒಂದೂವರೆ ಗಂಟೆ. ಮೇಲಿಂದ "ಸರ್ವೈವಲ್ ಹಾರರ್ ಅಂದ್ಮೇಲೆ ಕಷ್ಟದಲ್ಲೇ ಆಡಬೇಕು" ಅಂತ ಬೇರೆ ಬರೆದಿದ್ದೀಯ. ಇದೇ ತಪ್ಪು ನಾನೂ ಮಾಡಿದ್ದೆ, ಅದಕ್ಕೇ ಸುಮ್ಮನಿರೋಕೆ ಆಗ್ತಿಲ್ಲ.

ಮೊದಲು ರಿಬ್ಬನ್ ವಿಷಯ. "3 ಸೇವ್ ದಾಟಬಾರದು" ಅನ್ನೋ ಗೈಡು ಹಾರ್ಡ್‌ಕೋರ್‌ನಲ್ಲಿ ಎಸ್ ಪ್ಲಸ್ ಅನ್ನೋ ತುತ್ತತುದಿಯ ರ‍್ಯಾಂಕ್ ಬೇಕಾದವರಿಗೆ. ಅವರಿಗೆ ಮ್ಯಾಪ್ ಬಾಯಿಪಾಠ. ನಿನಗೆ ಲಾಕರ್ ಎಲ್ಲಿದೆ ಅಂತಲೇ ಗೊತ್ತಿಲ್ಲ, ಆ ಲೆಕ್ಕ ಯಾಕೆ? ಕೂಡಿಟ್ಟ ರಿಬ್ಬನ್‌ಗೆ ಬಡ್ಡಿ ಬರಲ್ಲ. ಹೊಸ ಕೀ ಅಥವಾ ಮೆಡಾಲಿಯನ್ (ಗುಟ್ಟಿನ ದಾರಿ ತೆರೆಯೋ ಬಿಲ್ಲೆ) ಸಿಕ್ಕಿ, ಜೀವ ಹಸಿರಿನಲ್ಲಿದ್ದರೆ ಒಂದು ಸೇವ್. ಸೇವ್ ಇಡೋ ಜಾಗ, ಅಂದ್ರೆ ಸ್ಲಾಟ್, ಮೂರನ್ನ ಸುತ್ತಿಸಿ ಬಳಸು. ಜೀವ ಕೆಂಪಿನಲ್ಲಿದ್ದಾಗ ಒಂದೇ ಸ್ಲಾಟಿನ ಮೇಲೆ ಬರೆದುಕೊಂಡರೆ ಆ ಆಟ ಅಲ್ಲೇ ಮುಗೀತು ಅಂದುಕೋ.

ಗುಂಡು ಯಾಕೆ ಖಾಲಿ? ತಲೆಗೇ ಹೊಡೀತಿದ್ದೀಯ. ಈ ಆಟದ ಜಾಂಬಿ ತಲೆಗೆ ನಾಲ್ಕೈದು ತಿಂದೂ ಎದ್ದು ಬರುತ್ತೆ, ಹಾರ್ಡ್‌ಕೋರ್‌ನಲ್ಲಿ ಇನ್ನೂ ಜಾಸ್ತಿ. ಮೊಣಕಾಲಿಗೆ ಹೊಡಿ. ಪೂರ್ತಿ ನಿಲ್ಲು, ಗುರಿಯ ಗೆರೆಗಳು ಒಟ್ಟುಗೂಡೋವರೆಗೆ ಕಾಯಿ, ಆಮೇಲೆ ಬಿಡು. ಓಡ್ತಾ ಬಿಟ್ಟ ಗುಂಡು ನೀರಿಗೆ ಹಾಕಿದಂತೆ. ಒಂದೇ ಕಾಲಿಗೆ ಹೊಡೀತಾ ಹೋಗು, ಎರಡೂ ಕಾಲಿಗೆ ಹಂಚಬೇಡ. ಬಿದ್ದ ತಕ್ಷಣ ಪಕ್ಕದಿಂದ ಹಾಯ್ದು ಹೋಗು, ಕೊಲ್ಲೋ ಗೋಜಿಗೆ ಹೋಗಬೇಡ. ಆದರೆ ಹತ್ತು ಸಲ ಓಡಾಡೋ ಸಣ್ಣ ಕಾರಿಡಾರಿನಲ್ಲಿ ಈ ಉಪಾಯ ಬೇಡ. ಕಾಲಿಲ್ಲದ ಜಾಂಬಿ ಕತ್ತಲಲ್ಲಿ ಕಾಣಲ್ಲ, ಕಾಲಿಗೇ ಬಾಯಿ ಹಾಕುತ್ತೆ. ಅಂಥ ಕಡೆ ಮರದ ಹಲಗೆ ಖರ್ಚು ಮಾಡು, ಮೊದಲು ಕೆಳಮಹಡಿಯ ಪಶ್ಚಿಮ ಕಾರಿಡಾರಿನ ಕಿಟಕಿಗಳಿಗೆ. ಹಲಗೆಯನ್ನೂ ರಿಬ್ಬನ್ ಥರ ಬಾಕ್ಸಿನಲ್ಲಿ ಬೆಚ್ಚಗೆ ಇಟ್ಟಿದ್ದೀಯ ಅಂತ ಗೊತ್ತು.

ಗನ್‌ಪೌಡರ್ ಎರಡು ಸಾದಾ ಸೇರಿಸಿದರೆ ಪಿಸ್ತೂಲಿನ ಗುಂಡು, ಸಾದಾ ಜೊತೆ ಹಳದಿ ಸೇರಿಸಿದರೆ ಲಿಯಾನ್ ಪಾತ್ರದಲ್ಲಿ ಆಡೋರಿಗೆ ಶಾಟ್‌ಗನ್ ಶೆಲ್. ಹಳದಿಯನ್ನು ಈಗಲೇ ಮುಟ್ಟಬೇಡ.

ಲಿಕ್ಕರ್ ಅನ್ನೋ ಉದ್ದ ನಾಲಗೆಯ ರಾಕ್ಷಸನಿಗೆ ಕಣ್ಣಿಲ್ಲ, ಕಿವಿ ಇದೆ. ಕೀಬೋರ್ಡಿನಲ್ಲಿ ಆಡೋರು ಸಾಯೋದು ಇಲ್ಲೇ, ಡಬ್ಲ್ಯೂ ಒತ್ತಿದರೆ ಒಂದೇ ವೇಗ. ಮೌಸಿನ ಬಲಗುಂಡಿ ಒತ್ತಿಹಿಡಿದು ಗುರಿ ಇಟ್ಟುಕೊಂಡೇ ನಡೆ, ಹೆಜ್ಜೆ ನಿಧಾನ ಆಗುತ್ತೆ. ಕಂಟ್ರೋಲರ್ ಇದ್ದರೆ ಸ್ಟಿಕ್ ಅರ್ಧ ಮಾತ್ರ ನೂಕು. ಗೋಡೆಗೆ ಒತ್ತಿಕೊಂಡು ಹೋಗು. ಮೈ ತಾಗಿತೋ, ಕಥೆ ಮುಗೀತು.

ಇನ್ನು ಆ ಹಣೆಪಟ್ಟಿ. 'ಸರ್ವೈವಲ್ ಹಾರರ್' ಅನ್ನೋ ಮಾತನ್ನ ಚಾಲ್ತಿಗೆ ತಂದಿದ್ದು 1996ರ ಮೊದಲ ರೆಸಿಡೆಂಟ್ ಈವಿಲ್. ಗುಂಡು, ಜಾಗ, ಸೇವ್ ಮೂರೂ ಕಮ್ಮಿ ಅನ್ನೋದೇ ಅದರ ಹುರುಳು, ವೈರಿಯ ಮೈ ಕಲ್ಲಾಗಬೇಕು ಅಂತಲ್ಲ. ಮೇಲಿನ ಕಾಮೆಂಟಿನಲ್ಲಿ ಕೋಥ್ರೂಡ್‌ನವರೊಬ್ಬರು "ಆರ್‌ಇ 4 (ರೆಸಿಡೆಂಟ್ ಈವಿಲ್ 4) ಹಾರರೇ ಅಲ್ಲ" ಅಂದಿದ್ದಾರೆ. ಅಲ್ಲ ಅನ್ನೋಕೆ ಕಾರಣ ಬೇಕಲ್ಲ ಸರ್? 2005ರ ಆಟ ನೀವು ಸತ್ತಷ್ಟೂ ಒಳಗೊಳಗೇ ಸಡಿಲ ಆಗುತ್ತೆ, ಚೆನ್ನಾಗಿ ಆಡಿದರೆ ಬಿಗಿಯುತ್ತೆ. ಪ್ರೊಫೆಷನಲ್ ಅನ್ನೋ ಅತಿ ಕಷ್ಟದ ಮಟ್ಟದಲ್ಲಿ ಮಾತ್ರ ಆ ಬಿಗಿ ಮೇಲಿನ ತುದಿಗೇ ನಿಂತುಬಿಡುತ್ತೆ. ಮೆನುವಿನಲ್ಲಿ ನಾರ್ಮಲ್ ಅಂತಿದ್ದರೂ ಇಬ್ಬರು ಆಡಿದ್ದು ಒಂದೇ ಆಟ ಅಲ್ಲ. ಹಂಗಾಗಿ ಪಟ್ಟಿ ಬಿಟ್ಟು, ಸೆಟ್ಟಿಂಗ್ ಏನನ್ನ ಬದಲಿಸುತ್ತೆ ಅಂತ ನೋಡಿ.

ಇದನ್ನ ಸರಿಯಾಗಿ ಮಾಡಿದ್ದು ಸೈಲೆಂಟ್ ಹಿಲ್ 2 ಅನ್ನೋ ಇನ್ನೊಂದು ಹಾರರ್ ಆಟ. 2001ರಲ್ಲೇ ಹೊಡೆದಾಟಕ್ಕೊಂದು, ಒಗಟಿಗೊಂದು ಬೇರೆ ಬೇರೆ ಮಟ್ಟ ಕೊಟ್ಟಿತ್ತು. 2024ರ ರಿಮೇಕ್‌ನಲ್ಲೂ ಅದೇ. ಹೊಡೆದಾಟದ್ದು ನಡುವೆ ಬದಲಿಸಬಹುದು, ಒಗಟಿನದು ಶುರುವಿನಲ್ಲಿ ಹಾಕಿದ್ದೇ ಕೊನೆಯವರೆಗೆ. ಒಗಟಿಗೆ ಹಾರ್ಡ್ ಹಾಕಿದರೆ ಸುಳಿವಿನ ಇಂಗ್ಲಿಷ್ ಪದ್ಯ ಇನ್ನಷ್ಟು ತಿರುಚಿಕೊಂಡು ಬರುತ್ತೆ. ಸ್ಟಾಂಡರ್ಡ್ ಸಾಕು, ಇದರಲ್ಲಿ ನಾಚಿಕೆ ಏನೂ ಇಲ್ಲ. ಸೋಮಾ ಅನ್ನೋ ಹಾರರ್ ಆಟ ಅಂತೂ 2017ರಲ್ಲಿ ಸೇಫ್ ಮೋಡ್ ಕೊಟ್ಟಿತು, ರಾಕ್ಷಸರು ಕೊಲ್ಲೋದಿಲ್ಲ. ಆದರೂ ಆ ಆಟದ ದಿಗಿಲು ಹೋಗಲ್ಲ, ಯಾಕಂದ್ರೆ ಅದು ಇರೋದು ಕಥೆಯಲ್ಲಿ.

ಒಂದೇ ಬಾಗಿಲಲ್ಲಿ ಹನ್ನೆರಡನೇ ಸಲ ಸತ್ತಾಗ ಹೆದರಿಕೆ ಎಲ್ಲಿರುತ್ತೆ ಹೇಳು? ಬರೀ ಕಿರಿಕಿರಿ. ಅದಕ್ಕೇ ಮೊದಲ ಸಲಕ್ಕೆ ನಾನು ಹೇಳೋದು ಸ್ಟಾಂಡರ್ಡ್ ಜೊತೆ ಮನೆಮದ್ದು: ಆಟೋಸೇವ್ ಇದ್ದರೂ ಲೋಡ್ ಮಾಡಬೇಡ, ಟೈಪ್‌ರೈಟರ್ ಸೇವ್ ಮಾತ್ರ. ವೈರಿಯ ಮೈ ಹದವಾಗಿರುತ್ತೆ, ಹೆದರಿಕೆಯ ಬೆಲೆ ಉಳಿಯುತ್ತೆ.

ಹೆಡ್‌ಫೋನ್: ಬಾಕ್ಸಿನ ಮೇಲೆ 7.1 ಸರೌಂಡ್ (ಸುತ್ತಲಿಂದ ಕೇಳೋ ಸದ್ದು) ಅಂತ ದಪ್ಪಕ್ಷರ ಇದೆ ಅಂತ ದುಡ್ಡು ಸುರೀಬೇಡ. ಆಟದಲ್ಲೇ ಹೆಡ್‌ಫೋನ್ ಆಯ್ಕೆ ಇದ್ದರೆ ಹೆಡ್‌ಸೆಟ್ಟಿನ ಸರೌಂಡ್ ಆಫ್ ಮಾಡು, ಎರಡೂ ಸೇರಿದರೆ ಹೆಜ್ಜೆ ಸದ್ದು ಯಾವ ಕಡೆಯಿಂದ ಅಂತಲೇ ತಿಳಿಯಲ್ಲ. ಬ್ರೈಟ್‌ನೆಸ್ ಹಗಲಲ್ಲಿ ಹೊಂದಿಸಿ ರಾತ್ರಿ ಆಡಿದರೆ ಕತ್ತಲೆಲ್ಲ ಬೂದಿ ಬಣ್ಣ. ಆಡೋ ಹೊತ್ತಿಗೇ ಹೊಂದಿಸು. ಆಟ ಕೊಳ್ಳೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಹಣ ವಾಪಸ್ ಬೇಕಾದರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇರಬೇಕು. ಮೆನುವಿನಲ್ಲಿ ಬಿಟ್ಟು ಚಹಾಕ್ಕೆ ಹೋದರೂ ಗಡಿಯಾರ ಓಡ್ತಿರುತ್ತೆ.

ಹಾರ್ಡ್‌ಕೋರ್ ಬಿಡಲ್ಲ ಅಂತ ಹಟ ಇದ್ದರೆ ಗುರುವಾರ ಆಡಬೇಡ. ಪುಣೆಯಲ್ಲಿ ರಿಪೇರಿ ಅಂತ ಕರೆಂಟ್ ತೆಗೆಯೋ ದಿನ ಅದು, ಆಟೋಸೇವ್ ಇಲ್ಲದಿದ್ದರೆ ಹೋದದ್ದು ಹೋಯಿತು. 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ಹೊರುತ್ತೆ, ಗ್ರಾಫಿಕ್ಸ್ ಕಾರ್ಡ್ ಜೋರಾಗಿ ಎಳೆಯುವಾಗ ಅದೇ ಕ್ಷಣ ಟ್ರಿಪ್. 1000 ವಿಎ ತಗೋ, ಸಿಪಿಯು ಮತ್ತು ಮಾನಿಟರ್ ಬಿಟ್ಟು ಬೇರೇನೂ ಸಿಗಿಸಬೇಡ. ಪಿಜಿಯ ಇನ್ವರ್ಟರ್ ಮೇಲೇ ನಡೆಸೋದಾದರೆ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ (ಕಂಪ್ಯೂಟರ್ ಆರದಷ್ಟು ಬೇಗ ಬದಲಾಗೋದು) ಇದೆಯಾ ಅಂತ ಓನರ್ ಆಂಟಿಯನ್ನ ಕೇಳಿಕೋ.