ಹಿತ್ತಲ ಪ್ರಶ್ನೆ: ಬ್ಯಾಣದ ವಿಷ್ಣುಕ್ರಾಂತಿ ಕುಂಡದಲ್ಲಿ ಯಾಕೆ ಉಳಿಯೋದಿಲ್ಲ?

ಪ್ರಶ್ನೆ: ಅಕ್ಕಾ, ನಮ್ಮನೆ ಹಿಂದಿನ ಬ್ಯಾಣದಲ್ಲಿ (ದನ ಮೇಯೋ ಹುಲ್ಲುಗಾವಲು) ನೆಲಕ್ಕೆ ಅಂಟ್ಕೊಂಡು ಒಂದು ಸಣ್ಣ ನೀಲಿ ಹೂ ಬಿಡ್ತದೆ, ಅಮ್ಮ ಅದಕ್ಕೆ ವಿಷ್ಣುಕ್ರಾಂತಿ ಅಂತಾರೆ. ಎರಡು ಸಲ ಮಣ್ಣು ಸಮೇತ ಕಿತ್ತು ತಂದು ಕುಂಡಕ್ಕೆ ಹಾಕಿ, ಕೊಟ್ಟಿಗೆ ಗೊಬ್ಬರ ಕೊಟ್ಟು ದಿನಾ ನೀರು ಹಾಕಿದೆ. ಎರಡು ಸಲವೂ ಹದಿನೈದೇ ದಿನಕ್ಕೆ ಕೊಳೆತು ಹೋಯ್ತು. ನರ್ಸರಿಯಿಂದ ಅದೇ ಹೆಸರಲ್ಲಿ ತಂದಿದ್ದು ಮಾತ್ರ ಚೆನ್ನಾಗಿದೆ. ಎಂತ ತಪ್ಪಾಗ್ತಿದೆ?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಕಿತ್ತಿದ್ದು, ಗೊಬ್ಬರ ಕೊಟ್ಟಿದ್ದು, ದಿನಾ ನೀರು ಹಾಕಿದ್ದು, ಮೂರೂ ಅದಕ್ಕೆ ಆಗೋದಿಲ್ಲ ಮಾರಾಯ್ರೆ. ಮೇಲೆ ನೋಡಿದ್ರೆ ದಾರದಂಥ ಬಳ್ಳಿ, ಆದ್ರೆ ಕೆಳಗೆ ಅದರ ಬೇರು ಕಡ್ಡಿ ತರ ಗಟ್ಟಿ, ಜಂಬಿಟ್ಟಿಗೆ, ಅಂದ್ರೆ ಕೆಂಪು ಮುರಕಲ್ಲಿನ ಸಂದಿ ಹುಡುಕ್ಕೊಂಡು ಇಳಿದಿರ್ತದೆ, ನೀವು ಎಷ್ಟೇ ಹುಷಾರಾಗಿ ಅಗೆದ್ರೂ ಅದು ಮಧ್ಯದಲ್ಲೇ ತುಂಡಾಗ್ತದೆ. ತುಂಡಾದ ಬೇರನ್ನ ಗೊಬ್ಬರದ ಒದ್ದೆ ಮಣ್ಣಲ್ಲಿ ಇಟ್ರೆ ಕೊಳೆಯೋದೇ ಸೈ. ನಾನೂ ತವರುಮನೆ ಹಕ್ಕಲಿಂದ ಹೀಗೇ ತಂದು, ಪುಷ್ಯ ಮಳೆ ಹೊಡೆತಕ್ಕೆ ಸಿಕ್ಕಿ ಸತ್ತಾಗ ತುಂಬಾ ಬೇಜಾರು ಮಾಡ್ಕೊಂಡಿದ್ದೆ. ಆಮೇಲೆ ಅದು ಹುಟ್ಟಿದ್ದ ಜಾಗಕ್ಕೇ ಹೋಗಿ ಕೂತು ನೋಡಿದೆ: ಕಲ್ಲು ಕಲ್ಲು ನೆಲ, ಅಲ್ಲಿ ಹುಲ್ಲೂ ಗಿಡ್ಡ, ಮಳೆ ನೀರು ಬಿದ್ದಿದ್ದೇ ಹರಿದು ಹೋಗ್ತದೆ, ಬೆಳಗ್ಗಿಂದ ಬಿಸಿಲು. ಹತ್ತು ಗಂಟೆಗೆ ಹೂ ಪೂರ್ತಿ ಅರಳಿತ್ತು, ಅಂಗಿ ಗುಂಡಿಗಿಂತ ಚಿಕ್ಕದು, ನೀಲಿ ಅಂದ್ರೆ ನೀಲಿ, ಗಂಟಲಲ್ಲಿ ಮಾತ್ರ ಬಿಳಿ, ಎಲೆ ಮೇಲೆ ರೇಷ್ಮೆಯಂಥ ಕೂದಲು. ಊಟ ಮಾಡ್ಕೊಂಡು ವಾಪಸ್ ಬಂದ್ರೆ ಎಲ್ಲ ಮುದುರಿ ಆಗಿತ್ತು.

ನಿಮ್ಮ ನರ್ಸರಿ ಗಿಡ ಇದರ ನೆಂಟ ಅಷ್ಟೆ, ಇದೇ ಅಲ್ಲ. ಬ್ಯಾಣದ್ದು ಇವಾಲ್ವುಲಸ್ ಆಲ್ಸಿನಾಯ್ಡಿಸ್, ಅಂಗಡಿಯವರು ಬ್ಲೂ ಡೇಜ್ ಅಂತ ಕೊಡೋದು ಇವಾಲ್ವುಲಸ್ ಗ್ಲೊಮೆರೇಟಸ್, ಬ್ರೆಜಿಲ್ ಕಡೆಯಿಂದ ಬಂದಿದ್ದು. ಹೂ ಎರಡು ಸೆಂಟಿಮೀಟರ್ ಮೇಲೆ, ಕಡ್ಡಿ ಚುಚ್ಚಿದ್ರೂ ಬರ್ತದೆ. ಅದನ್ನ ಬೆಳೆಸೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ನಮ್ಮದಕ್ಕೆ ಅದು ಸಮ ಅಲ್ಲ ಅಂತ ನನಗನ್ಸುತ್ತೆ.

ಬ್ಯಾಣದ್ದೇ ಬೇಕಂದ್ರೆ ಬೀಜ ತನ್ನಿ. ಹೂ ಬಿದ್ದ ಮೇಲೆ ಸಣ್ಣ ಉರುಟು ಕಾಯಿ ಆಗಿ ಒಣಗ್ತದೆ, ಒಳಗೆ ನಾಲ್ಕರ ತನಕ ಬೀಜ. ನಾಲ್ಕೈದು ಗಿಡದಿಂದ ಒಂದೊಂದು ಕಾಯಿ ತಗೊಂಡ್ರೆ ಸಾಕು, ಉಳಿದಿದ್ದು ಅಲ್ಲೇ ಉದುರಲಿ. ಬೀಜದ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗೋದಿಲ್ಲ, ಹಾಗಾಗಿ ಮರಳು ಕಾಗದದ ಮೇಲೆ ಎರಡು ಸಲ ಉಜ್ಜಿ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ. ಅಗಲದ ಕುಂಡಕ್ಕೆ ಎರಡು ಪಾಲು ಜಂಬಿಟ್ಟಿಗೆ ಪುಡಿ, ಒಂದು ಪಾಲು ಮರಳು, ಒಂದು ಮುಷ್ಟಿ ಹಳೇ ಗೊಬ್ಬರ, ಅದಕ್ಕಿಂತ ಜಾಸ್ತಿ ಬೇಡ. ಜಡಿಮಳೆ ಬಿಟ್ಟ ಮೇಲೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಿತ್ತಿ. ಮೊಳಕೆ ಏಳೋ ತನಕ ತೇವ ಇರಲಿ, ಆಮೇಲೆ ಮಣ್ಣು ಒಣಗಿದ ಮೇಲೇ ನೀರು. ಮುಂದಿನ ಮಳೆಗಾಲಕ್ಕೆ ಕುಂಡ ಜಗಲಿ ಮೇಲೆ ಬೆಳಕಿರೋ ಕಡೆ ಇಡಿ, ಹೆಂಚಿನ ನೀರು ಬೀಳೋ ಕಡೆ ಮಾತ್ರ ಬೇಡ.

ಪ್ರಶ್ನೆ: ವಿಷ್ಣುಕ್ರಾಂತಿನೇ ಶಂಖಪುಷ್ಪಿನಾ? ಮಗುಗೆ ನೆನಪಿನ ಶಕ್ತಿಗೆ ಕಷಾಯ ಮಾಡಿ ಕೊಡಬಹುದಾ?
– ಭದ್ರಾವತಿ

ಉತ್ತರ: ಕೆಲವು ಕಡೆ ಇದನ್ನೇ ಶಂಖಪುಷ್ಪಿ ಅಂತ ಬಳಸ್ತಾರೆ, ಬೇರೆ ಕಡೆ ಕನ್ವಾಲ್ವುಲಸ್ ಅನ್ನೋ ಇನ್ನೊಂದು ಗಿಡ, ನಮ್ಮ ಬೇಲಿ ಮೇಲೆ ಹಬ್ಬೋ ಶಂಖಪುಷ್ಪ ಮೂರನೇದು. ಹೆಸರೇ ಇಷ್ಟು ಕಲಸಿರುವಾಗ ಕಿತ್ಕೊಂಡು ಬಂದು ಮಗುಗೆ ಕುದಿಸಿ ಕೊಡಬೇಡಿ, ವೈದ್ಯರನ್ನ ಕೇಳಿ.

ಪ್ರಶ್ನೆ: ಮಗ ಇಂಗ್ಲೆಂಡಿಂದ ಬರುವಾಗ ಬ್ಲೂಬೆಲ್ ಗಡ್ಡೆ ತರ್ತೀನಿ ಅಂತಿದಾನೆ. ಫೋಟೋದಲ್ಲಿ ಮರದ ಕೆಳಗೆಲ್ಲ ನೀಲಿ ಹಾಸಿದ ಹಾಗಿದೆ. ಅಡಿಕೆ ತೋಟದ ನೆರಳಲ್ಲಿ ಬರ್ತದಾ?
– ಸಾಗರ

ಉತ್ತರ: ಬರೋದಿಲ್ಲ, ತರಿಸಬೇಡಿ. ಅಲ್ಲಿ ಚಳಿಗಾಲಕ್ಕೆ ಓಕ್, ಬೀಚ್ ಮರಗಳ ಎಲೆ ಪೂರ್ತಿ ಉದುರಿರ್ತದೆ, ಮತ್ತೆ ಚಿಗುರಿ ನೆರಳು ಕಟ್ಟೋದ್ರೊಳಗೆ ಏಪ್ರಿಲ್, ಮೇ ತಿಂಗಳಲ್ಲಿ ಬ್ಲೂಬೆಲ್ ಆ ಬೆಳಕಲ್ಲಿ ಹೂ ಮುಗಿಸ್ಕೊಳ್ತದೆ. ನಮ್ಮ ತೋಟದಲ್ಲಿ ಅಡಿಕೆ ಸೋಗೆ ವರ್ಷವಿಡೀ ಹಸಿರು, ಆ ಬಿಡುವೇ ಇಲ್ಲ. ಗಡ್ಡೆಗೆ ಬೇಕಾದ ಕೊರೆಯೋ ಚಳಿಯೂ ಇಲ್ಲ. ಬೀಜದಿಂದ ಹೂವಾಗೋಕೆ ಅಲ್ಲೇ ಐದು ವರ್ಷ ಬೇಕು. ಅದೂ ಅಲ್ದೆ ಗಿಡ ಪೂರ್ತಿ ವಿಷ, ದನ ಇರೋ ಮನೆಗೆ ಬೇಡವೇ ಬೇಡ. ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ, ಈ ಕಡೆ ನಮ್ಮ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಗಡ್ಡೆ ತರೋಕೆ ಪರ್ಮಿಟ್ ಬೇಕು, ರೋಗ ಇಲ್ಲ ಅನ್ನೋ ಸರ್ಟಿಫಿಕೇಟೂ ಬೇಕು. ಹುಡುಗನ್ನ ಏರ್‌ಪೋರ್ಟಲ್ಲಿ ಯಾಕೆ ಸಿಕ್ಕಿಸ್ತೀರಿ.

ನೆರಳಲ್ಲಿ ನೀಲಿ ಬೇಕಂದ್ರೆ ಟೊರೆನಿಯಾ ಹಾಕಿ. ತೇವ ಇಷ್ಟ, ತೋಟದಂಚಲ್ಲಿ ಸ್ವಲ್ಪ ಬೆಳಕು ಬೀಳೋ ಕಡೆ ಚೆನ್ನಾಗಿ ಬರ್ತದೆ. ಹೂವಿನ ಬಾಯಿ ಒಳಗೆ ಬಗ್ಗಿ ನೋಡಿ, ಎರಡು ಕೇಸರ ಎರಡು ಕಡೆಯಿಂದ ಬಾಗಿ ತುದಿಯಲ್ಲಿ ಕೂಡಿರ್ತದೆ, ಕೈ ಕೈ ಹಿಡ್ಕೊಂಡ ಹಾಗೆ. ಬೀಜ ರಾಗಿಗಿಂತ ಎಷ್ಟೋ ಸಣ್ಣ, ಮಣ್ಣು ಮುಚ್ಚಬೇಡಿ, ಮೇಲೆ ಉದುರಿಸಿದ್ರೆ ಸಾಕು. ಒಂದು ಸಲ ನೆಲ ಹಿಡಿದ್ರೆ ಮುಂದಿನ ಮಳೆಗೆ ತಾನೇ ಹುಟ್ತದೆ, ಕಳೆ ತೆಗೆಯೋಕೆ ಬರೋರಿಗೆ ಮಾತ್ರ ಮೊದಲೇ ಗಿಡ ತೋರಿಸಿಡಿ.