ನಿಮ್ಮ ಲೇಖನದಲ್ಲಿ ಡೆರಾನ್ ಎಲ್ಲಿ?

ನಮಸ್ಕಾರ,

ನೀವು ಕಳಿಸಿದ 'ಹಳೇ ರಾಜ, ಹೊಸ ರಾಜ' ಲೇಖನವನ್ನು ಎರಡು ಸಲ ಓದಿದೆ. 2012ರ ಫೆಬ್ರವರಿಯಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ನ್ಯೂಯಾರ್ಕ್ ನಿಕ್ಸ್ ತಂಡದ ಜೆರೆಮಿ ಲಿನ್ ಇದ್ದಕ್ಕಿದ್ದ ಹಾಗೆ ಮೇಲೆದ್ದು ಬಂದರಲ್ಲ, ಅವರನ್ನು ನ್ಯೂಜೆರ್ಸಿ ನೆಟ್ಸ್‌ನ ಡೆರಾನ್ ವಿಲಿಯಮ್ಸ್ ಜೊತೆ ಹೋಲಿಸಿದ್ದೀರಿ. ಬಾಸ್ಕೆಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ಹಾಗಾಗಿ ನೋಡಿ ಸಂತೋಷವಾಯಿತು. ಭಾಷೆ ಸಲೀಸಾಗಿದೆ. ಲಿನ್ ತಮ್ಮ ಅಣ್ಣನ ಮನೆಯ ಸೋಫಾ ಮೇಲೆ ಮಲಗುತ್ತಿದ್ದ ದಿನಗಳ ಭಾಗ ಚೆನ್ನಾಗಿ ಬಂದಿದೆ.

ಆದರೆ ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಕಾರಣ ಮೊದಲ ಪುಟದ ಕೊನೆಯ ಮೂರು ಸಾಲು. ಅವನ್ನು ಓದಿ ನನಗೆ ನಿಜವಾಗಿಯೂ ಬೇಜಾರಾಯಿತು. ನೀವು ಬರೆದದ್ದು ಹೀಗೆ:

'ಲಿನ್ ಮಿಂಚಿನಂತೆ ಅಂಗಳಕ್ಕೆ ನುಗ್ಗಿದರು. ಡೆರಾನ್ ಕಣ್ಣು ಕಣ್ಣು ಬಿಟ್ಟು ನಿಂತರು. ಒಂದೇ ರಾತ್ರಿಯಲ್ಲಿ ಹಳೇ ರಾಜನ ಕಿರೀಟ ಉರುಳಿತು.'

ಒಂದೊಂದಾಗಿ ನೋಡೋಣ.

ಮೊದಲ ಸಾಲು. 'ಮಿಂಚಿನಂತೆ' ಎಂಬ ಮಾತು ಯಾವ ಆಟಗಾರನಿಗೆ ಬೇಕಾದರೂ ಅಂಟುತ್ತದೆ. ಅದನ್ನು ತೆಗೆದು ಇನ್ನೊಬ್ಬರ ಹೆಸರಿನ ಪಕ್ಕ ಇಟ್ಟರೂ ಸಾಲು ಹಾಗೇ ನಿಲ್ಲುತ್ತದೆ, ಅಲ್ವಾ? ಹಾಗಿದ್ದರೆ ಅದು ಲಿನ್ ಬಗ್ಗೆ ಏನನ್ನೂ ಹೇಳಲಿಲ್ಲ. ಅದಕ್ಕಿಂತ ಜಾಸ್ತಿ ಕಾಡಿದ್ದು, ಅದು ನಿಜವೂ ಅಲ್ಲ ಎನ್ನುವುದು. ಲಿನ್ ಬರೀ ವೇಗದಿಂದ ಗೆದ್ದವರಲ್ಲ. ಆ ವಾರಗಳಲ್ಲಿ ನಿಕ್ಸ್ ಮತ್ತೆ ಮತ್ತೆ ಆಡಿದ್ದು ಪಿಕ್ ಅಂಡ್ ರೋಲ್. ಅವರದೇ ತಂಡದ ಟೈಸನ್ ಚಾಂಡ್ಲರ್ ಮೇಲೆ ಬಂದು, ಲಿನ್‌ರನ್ನು ತಡೆಯುವ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾರೆ, ಇದಕ್ಕೆ ಸ್ಕ್ರೀನ್ ಅನ್ನುತ್ತಾರೆ. ಲಿನ್ ಭುಜ ತಾಗುವಷ್ಟು ಹತ್ತಿರದಿಂದ ಚಾಂಡ್ಲರ್‌ರನ್ನು ದಾಟುತ್ತಾರೆ. ಡಿಫೆಂಡರ್ ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ. ಬೇರೆಯವರಾದರೆ ಅಲ್ಲಿ ಓಟ ಕೀಳುತ್ತಾರೆ. ಲಿನ್ ಅಲ್ಲೇ ನಿಧಾನ ಮಾಡುತ್ತಾರೆ. ಹಿಂದೆ ಬಿದ್ದವನನ್ನು ಬೆನ್ನಿಗೇ ಇಟ್ಟುಕೊಂಡು, ಎದುರು ನಿಂತ ಎತ್ತರದ ಆಟಗಾರನ ಕಾಲು ನೋಡುತ್ತಾರೆ. ಅವನು ಮುಂದೆ ಬಂದರೆ ಚೆಂಡು ಬುಟ್ಟಿಯ ಕಡೆ ಓಡುವ ಚಾಂಡ್ಲರ್‌ಗೆ. ಹಿಂದೆ ಸರಿದರೆ ಲಿನ್ ತಾವೇ ಒಳಗೆ. ಆ ಅರ್ಧ ಕ್ಷಣದ ತಡೆಯೇ ಅವರ ಆಟ. ನಿಮ್ಮ ಮಿಂಚು ಅದನ್ನು ಮುಚ್ಚಿಹಾಕಿದೆ.

'ನುಗ್ಗಿದರು' ಎನ್ನುವುದೂ ಬೇಡ. ಫೆಬ್ರವರಿ 4ರ ರಾತ್ರಿ ನಿಕ್ಸ್‌ನ ಅಂಗಳ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ನೆಟ್ಸ್ ಎದುರು, ಅವರು ಬೆಂಚಿನಿಂದ ಎದ್ದು ಬಂದವರು. ಹಾರ್ವರ್ಡ್‌ನಲ್ಲಿ ಓದಿ ಆಡಿ, 2010ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಯಾರಿಗೂ ಬೇಡವಾಗಿ, 2011ರ ಡಿಸೆಂಬರ್ ಒಂದೇ ತಿಂಗಳಲ್ಲಿ ಗೋಲ್ಡನ್ ಸ್ಟೇಟ್, ಹ್ಯೂಸ್ಟನ್ ಎರಡೂ ತಂಡಗಳಿಂದ ಹೊರಬಿದ್ದು ನಿಕ್ಸ್‌ಗೆ ಬಂದವರು. ಅಂಥವರು ಬೆಂಚಿನಿಂದ ಏಳುವುದು ಹೇಗಿರುತ್ತದೆ ಎಂದು ಒಂದು ನಿಮಿಷ ಕೂತು ಯೋಚಿಸಿ. ಆ ರಾತ್ರಿ 25 ಪಾಯಿಂಟ್, 7 ಅಸಿಸ್ಟ್ (ಜೊತೆಗಾರನ ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್), 5 ರಿಬೌಂಡ್ (ತಪ್ಪಿದ ಎಸೆತವನ್ನು ಹಿಡಿದದ್ದು). ನಿಕ್ಸ್ 99-92ರಿಂದ ಗೆದ್ದರು. ಈ ಅಂಕಿಗಳೇ ಸಾಕಷ್ಟು ಜೋರಾಗಿ ಮಾತಾಡುತ್ತವೆ.

ಎರಡನೇ ಸಾಲು. ನನಗೆ ಜಾಸ್ತಿ ನೋವಾಗಿದ್ದು ಇಲ್ಲಿ. ಡೆರಾನ್ ಆ ರಾತ್ರಿ 21 ಪಾಯಿಂಟ್ ಗಳಿಸಿದ್ದರು. ಕಣ್ಣು ಕಣ್ಣು ಬಿಟ್ಟು ನಿಂತವರು 21 ಪಾಯಿಂಟ್ ಗಳಿಸುವುದಿಲ್ಲ. ಅವರ ತಂಡದ ದೊಡ್ಡ ಆಟಗಾರ ಬ್ರೂಕ್ ಲೋಪೆಜ್ ಕಾಲಿನ ಮೂಳೆ ಮುರಿದು ಆಡುತ್ತಿರಲಿಲ್ಲ. ಅಂದರೆ ಲಿನ್‌ಗೆ ಚಾಂಡ್ಲರ್ ಇದ್ದ ಹಾಗೆ ಡೆರಾನ್‌ಗೆ ಜೊತೆಗಾರ ಇರಲಿಲ್ಲ. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಡೆರಾನ್ ಯಾರು ಎಂಬುದೂ ಇಲ್ಲ. 'ಹಳೇ ರಾಜ' ಅಂದಿರಿ, ಅಷ್ಟೇ. 2005ರ ಡ್ರಾಫ್ಟ್‌ನಲ್ಲಿ ಮೂರನೆಯವರಾಗಿ ಆಯ್ಕೆಯಾದವರು ಅವರು. ಲೀಗ್‌ನಲ್ಲಿ ದೊಡ್ಡ ಹೆಸರಾದ ಕ್ರಿಸ್ ಪಾಲ್ ನಾಲ್ಕನೆಯವರು. ಮೊದಲಿನ ತಂಡ ಯೂಟಾದಲ್ಲಿ ಕಾರ್ಲೋಸ್ ಬೂಜರ್ ಜೊತೆ ಇದೇ ಪಿಕ್ ಅಂಡ್ ರೋಲನ್ನು ವರ್ಷಗಟ್ಟಲೆ ಆಡಿದವರು. 2008ರ ಒಲಿಂಪಿಕ್ಸ್ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿದ್ದವರು. ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುವ ಅವರ ಕ್ರಾಸ್‌ಓವರ್‌ಗೆ ಎಷ್ಟೋ ಒಳ್ಳೆಯ ಡಿಫೆಂಡರ್‌ಗಳು ತಪ್ಪು ಕಾಲಿನ ಮೇಲೆ ಸಿಕ್ಕಿಬಿದ್ದಿದ್ದಾರೆ. ಇಂಥವರ ಎದುರು ಲಿನ್ 25 ಗಳಿಸಿದರು. ಎದುರಾಳಿ ಎಷ್ಟು ದೊಡ್ಡವನು ಎಂದು ತೋರಿಸಿದಷ್ಟೂ ಲಿನ್ ದೊಡ್ಡವರಾಗುತ್ತಾರೆ. ನೀವು ಡೆರಾನ್‌ರನ್ನು ಕುಗ್ಗಿಸಿ, ಗೊತ್ತಿಲ್ಲದೆ ಲಿನ್‌ರನ್ನೂ ಕುಗ್ಗಿಸಿದ್ದೀರಿ.

ಇಲ್ಲಿ ನನ್ನ ಹಳೆಯ ದಿನದ ಒಂದು ಮಾತು ಹೇಳಬೇಕು. ಪತ್ರಿಕೆಯ ಕ್ರೀಡಾ ವಿಭಾಗಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಒಂದು ಬಾಸ್ಕೆಟ್‌ಬಾಲ್ ಪಂದ್ಯದ ವರದಿ ಬರೆದಿದ್ದೆ. 'ಬಿರುಗಾಳಿ', 'ಸಿಡಿಲಮರಿ' ಎಲ್ಲ ಇತ್ತು. ಹಿರಿಯ ಉಪಸಂಪಾದಕರೊಬ್ಬರು ಓದಿ, ಕೆಂಪು ಪೆನ್ನು ಕೈಯಲ್ಲೇ ಹಿಡಿದು, ಒಂದೇ ಪ್ರಶ್ನೆ ಕೇಳಿದರು: 'ಇವನನ್ನು ತಡೀತಾ ಇದ್ದೋನು ಯಾರಪ್ಪ?' ನನಗೆ ಹೆಸರು ನೆನಪಿಗೆ ಬರಲಿಲ್ಲ. ಎರಡು ಗಂಟೆ ಪಂದ್ಯ ನೋಡಿದ್ದೆ, ಹೆಸರು ಗೊತ್ತಿರಲಿಲ್ಲ.

ಮುಂದಿನ ಪಂದ್ಯಕ್ಕೆ ಅವರೇ ಜೊತೆಗೆ ಬಂದರು. ಒಂದು ನೋಟ್‌ಬುಕ್ ಕೊಟ್ಟು, ಚೆಂಡು ನೋಡಬೇಡ, ತಡೆಯುವವನ ಕಾಲು ಮಾತ್ರ ನೋಡಿ ಬರಿ ಅಂದರು. ಬರೆದೆ. 'ಬಲಗಾಲು ಮುಂದೆ.' 'ಎರಡು ಹೆಜ್ಜೆ ಹಿಂದೆ.' 'ಸ್ಕ್ರೀನ್‌ಗೆ ಡಿಕ್ಕಿ, ಸುತ್ತಿ ಬಂದ.' 'ಈ ಸಲ ಕೆಳಗಿಂದ ಬಂದ.' ಮೊದಲು ತುಂಬ ಕಷ್ಟವಾಯಿತು, ಕಣ್ಣು ತಾನಾಗೇ ಚೆಂಡಿನ ಹಿಂದೆ ಓಡುತ್ತಿತ್ತು. ಮೂರನೇ ಕ್ವಾರ್ಟರ್ ಹೊತ್ತಿಗೆ ಒಂದು ವಿಷಯ ಕಂಡಿತು. ಅವನು ಸ್ಕ್ರೀನ್‌ನ ಮೇಲಿಂದ, ಅಂದರೆ ಚೆಂಡಿನವನ ಬೆನ್ನಿಗೇ ಅಂಟಿ, ಬಂದಾಗಲೆಲ್ಲ ನಮ್ಮ ಹೀರೊ ಒಳಗೆ ಹೋಗುತ್ತಿದ್ದ, ಕೆಳಗಿಂದ, ಅಂದರೆ ಬುಟ್ಟಿಯ ಕಡೆಯಿಂದ ಸುತ್ತಿ, ಬಂದಾಗ ನಿಂತು ಎಸೆಯುತ್ತಿದ್ದ. ಹೀರೊ ಮಾಡುತ್ತಿದ್ದದ್ದೆಲ್ಲ ಇನ್ನೊಬ್ಬನಿಗೆ ಕೊಡುತ್ತಿದ್ದ ಉತ್ತರ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಆ ನೋಟ್‌ಬುಕ್ ತೆಗೆದು ಮತ್ತೆ ಮತ್ತೆ ಓದಿದೆ. ಅವರು ಈಗಿಲ್ಲ. ಹೋಲಿಕೆಯ ಲೇಖನ ಯಾವುದೇ ಬಂದರೂ ಅವರ ಆ ಪ್ರಶ್ನೆಯನ್ನೇ ಮೊದಲು ಕೇಳುತ್ತೇನೆ.

ಮೂರನೇ ಸಾಲು, 'ಒಂದೇ ರಾತ್ರಿಯಲ್ಲಿ ಕಿರೀಟ ಉರುಳಿತು'. ನಿಮ್ಮ ಲೇಖನ ನಿಕ್ಸ್‌ನ ಏಳು ಸತತ ಗೆಲುವಿಗೆ ನಿಂತುಬಿಡುತ್ತದೆ. ಲೇಕರ್ಸ್ ಎದುರು 38, ಟೊರಾಂಟೊದಲ್ಲಿ ಅರ್ಧ ಸೆಕೆಂಡ್ ಉಳಿದಿದ್ದಾಗ ಬಿದ್ದ ಗೆಲುವಿನ ಎಸೆತ, ಎಲ್ಲ ಇದೆ. ಆದರೆ ಫೆಬ್ರವರಿ 20ಕ್ಕೆ ನೆಟ್ಸ್ ಮತ್ತೆ ಅದೇ ಗಾರ್ಡನ್‌ಗೆ ಬಂದರು. ಅದೇ ಇಬ್ಬರು, ಅದೇ ಅಂಗಳ, ನಡುವೆ ಬರೀ 16 ದಿನ. ಡೆರಾನ್ 38 ಪಾಯಿಂಟ್ ಗಳಿಸಿದರು, ಅದರಲ್ಲಿ ಎಂಟು ಮೂರು ಪಾಯಿಂಟ್‌ನ ಎಸೆತಗಳು. ಲಿನ್ 21. ನೆಟ್ಸ್ 100-92ರಿಂದ ಗೆದ್ದರು. ಇಬ್ಬರನ್ನು ಹೋಲಿಸುವ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಗುತ್ತದೆ ಹೇಳಿ? ನೀವು ಇದನ್ನು ಒಂದು ಸಾಲಿನಲ್ಲೂ ಹೇಳಿಲ್ಲ. ಗೊತ್ತಿರಲಿಲ್ಲ ಅಂದರೆ ಪರವಾಗಿಲ್ಲ, ಹುಡುಕಬಹುದಿತ್ತು. ಗೊತ್ತಿದ್ದೂ ಕಥೆ ಕೆಡುತ್ತದೆ ಎಂದು ಬಿಟ್ಟಿದ್ದರೆ, ಅದು ಓದುಗರಿಗೆ ಮಾಡಿದ ಮೋಸ. ಕಟುವಾಗಿ ಹೇಳುತ್ತಿದ್ದೇನೆ, ಆದರೆ ಈಗಲೇ ಹೇಳದಿದ್ದರೆ ಇದು ನಿಮಗೆ ಅಭ್ಯಾಸವಾಗಿಬಿಡುತ್ತದೆ.

ಮಾರ್ಚ್ 4ಕ್ಕೆ ಡೆರಾನ್ ಷಾರ್ಲಟ್ ಎದುರು 57 ಪಾಯಿಂಟ್ ಗಳಿಸಿದರು. 21 ಫ್ರೀ ಥ್ರೋ (ಯಾರೂ ಅಡ್ಡ ಬರದ ಎಸೆತ) ಸಿಕ್ಕವು, 21ನ್ನೂ ಹಾಕಿದರು. ಆ ಸೀಸನ್‌ನಲ್ಲಿ ಒಂದು ಪಂದ್ಯದಲ್ಲಿ ಅದನ್ನು ದಾಟಿದವರು ಯಾರೂ ಇಲ್ಲ. ಕಿರೀಟ ಉರುಳಿದ್ದರೆ ಇದು ಯಾರ ತಲೆ?

ನಿಮ್ಮ ಕೋಷ್ಟಕದಲ್ಲೂ ಇದೇ ತಪ್ಪು ಇದೆ. ಲಿನ್‌ರ ಸಾಲಿನಲ್ಲಿ ಆ ಏಳು ಪಂದ್ಯದ ಸರಾಸರಿ 24.4 ಹಾಕಿದ್ದೀರಿ. ಡೆರಾನ್‌ರ ಸಾಲಿನಲ್ಲಿ ಇಡೀ ಸೀಸನ್‌ನ 21. ಎರಡು ಬೇರೆ ಬೇರೆ ಅಳತೆಗೋಲು. ಇಬ್ಬರಿಗೂ ಸೀಸನ್ ಲೆಕ್ಕವನ್ನೇ ಹಾಕಿ: ಲಿನ್ 35 ಪಂದ್ಯಗಳಲ್ಲಿ 14.6 ಪಾಯಿಂಟ್, 6.2 ಅಸಿಸ್ಟ್. ಡೆರಾನ್ 55 ಪಂದ್ಯಗಳಲ್ಲಿ 21 ಪಾಯಿಂಟ್, 8.7 ಅಸಿಸ್ಟ್. ಇದನ್ನೂ ಹಾಗೇ ಬಿಟ್ಟರೆ ಈ ಸಲ ಲಿನ್‌ಗೆ ಅನ್ಯಾಯ. ಅವರು ಸರಾಸರಿ ಸುಮಾರು 27 ನಿಮಿಷ ಆಡಿದ್ದರು, ಡೆರಾನ್ 36. ಜನವರಿಯಲ್ಲಿ ಲಿನ್ ಹೆಚ್ಚು ಕೂತಿದ್ದೇ ಬೆಂಚಿನ ಮೇಲೆ. ನಿಮಿಷಗಳನ್ನೂ ಕೋಷ್ಟಕದಲ್ಲಿ ಹಾಕಿ. ಜೊತೆಗೆ ಟರ್ನೋವರ್ ಹಾಕಿ, ಆ ಕಾಲಮ್ಮೇ ನಿಮ್ಮಲ್ಲಿಲ್ಲ. ನ್ಯೂ ಆರ್ಲಿಯನ್ಸ್ ಎದುರು ಗೆಲುವಿನ ಸರಣಿ ಮುರಿದ ದಿನ ಲಿನ್ ಒಂಬತ್ತು ಸಲ ಚೆಂಡು ಕಳೆದುಕೊಂಡರು. ಫೆಬ್ರವರಿ 23ಕ್ಕೆ ಮಯಾಮಿಯಲ್ಲಿ ಎಂಟು ಸಲ, 11 ಎಸೆತದಲ್ಲಿ ಒಂದೇ ಒಂದು ಬುಟ್ಟಿಗೆ. ಮಯಾಮಿಯ ಮಾರಿಯೊ ಚಾಮರ್ಸ್, ನಾರಿಸ್ ಕೋಲ್ ಇಬ್ಬರೂ ಲಿನ್‌ಗೆ ಉಸಿರಾಡಲು ಬಿಡಲಿಲ್ಲ. ನಾನು ಮೇಲೆ ಹೇಳಿದ ಆ ಅರ್ಧ ಕ್ಷಣ ಇದೆಯಲ್ಲ, ಅದನ್ನೇ ಕಿತ್ತುಕೊಂಡರು. ಡೆರಾನ್ ಇಂಥ ಡಿಫೆನ್ಸನ್ನು ಆರೇಳು ವರ್ಷದಿಂದ ನೋಡುತ್ತಾ ಬಂದವರು. ಇಬ್ಬರ ನಡುವಿನ ನಿಜವಾದ ವ್ಯತ್ಯಾಸ ನನಗೆ ಕಾಣುವುದು ಇಲ್ಲಿ. ಒಬ್ಬರ ಆಟವನ್ನು ಇಡೀ ಲೀಗ್ ಓದಿ ಮುಗಿಸಿತ್ತು, ಆದರೂ ಅವರು ಆಡುತ್ತಿದ್ದರು. ಇನ್ನೊಬ್ಬರ ಆಟವನ್ನು ಲೀಗ್ ಆಗಷ್ಟೇ ಓದಲು ಶುರುಮಾಡಿತ್ತು. ಮಾರ್ಚ್ ಕೊನೆಗೆ ಲಿನ್‌ರ ಮಂಡಿಗೆ ಪೆಟ್ಟಾಗಿ ಆ ಸೀಸನ್ ಅಲ್ಲಿಗೇ ನಿಂತಿತು, ಉತ್ತರ ಹುಡುಕಿಕೊಳ್ಳಲು ಅವರಿಗೆ ಸಮಯ ಸಿಗಲಿಲ್ಲ. ಅದನ್ನು ಬರೆಯುವಾಗ ಬೇಜಾರು ಬಂದರೆ ಬರಲಿ, ಬರೆಯಿರಿ.

ಉಳಿದ ಭಾಗಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಕೊನೆಯ ಪುಟ ಉದ್ದವಾಯಿತು, ಅದು ಆಮೇಲಿನ ಕೆಲಸ.

ನನ್ನ ಸಲಹೆ ಇಷ್ಟು. ಫೆಬ್ರವರಿ 20ರ ಪಂದ್ಯದಿಂದ ಲೇಖನ ಶುರುಮಾಡಿ. ವಿಡಿಯೊ ಸಿಕ್ಕರೆ ಡೆರಾನ್‌ರ ಆ ಎಂಟು ಎಸೆತಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ. ಪ್ರತಿ ಸಲ ಅವರ ಎದುರು ಯಾರಿದ್ದರು, ಎಷ್ಟು ದೂರ ಇದ್ದರು, ಸ್ಕ್ರೀನ್‌ನ ಯಾವ ಕಡೆಯಿಂದ ಬಂದರು, ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಫೆಬ್ರವರಿ 4ರ ಪಂದ್ಯದಲ್ಲಿ ಲಿನ್‌ರ ಬುಟ್ಟಿಗಳಿಗೂ ಅದನ್ನೇ ಮಾಡಿ. ಲೇಖನ ಬರೆಯುವ ಮೊದಲು ಆ ಎರಡು ಹಾಳೆಗಳನ್ನು ನನಗೆ ಕಳಿಸಿ. ಕೈಬರಹದಲ್ಲೇ ಇದ್ದರೂ ಆಗುತ್ತದೆ, ಫೋಟೊ ತೆಗೆದು ಕಳಿಸಿದರೆ ಸಾಕು. ನಾನು ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ